ಗಾಜಿನ ಪೆಟ್ಟಿಗೆಯಲ್ಲಿ ನಿಮ್ಮ ತಾತ

ಮಕ್ಕಳೇ, ನಡುಮನೆಯ ಗೋಡೆಯಲ್ಲಿ ಕೋಟು ಹಾಕಿಕೊಂಡು ಬಿಗುವಾಗಿ ಕೂತಿದ್ದಾರಲ್ಲ ನಿಮ್ಮ ತಾತ, ಆ ಕೋಟು ಅವರದಲ್ಲ. ಕುತ್ತಿಗೆಯಿಂದ ಕೆಳಗಿನ ಮೈಯೂ ಅವರದಲ್ಲ. ಅವರು ಹೋದಾಗ ಮನೆಯಲ್ಲಿದ್ದದ್ದು ಒಂದೇ ಫೋಟೋ. ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯ ಪಾಸಿನಿಂದ ಕಿತ್ತಿಟ್ಟುಕೊಂಡದ್ದು. ಗೀರು ಶರ್ಟು, ಒದ್ದೆ ತಲೆ, ಹೆಗಲ ಮೇಲೆ ಅರ್ಧ ಮೊಹರು, ನಗು ತಡೆದುಕೊಂಡ ಬಾಯಿ.

ಸಿಂಗಸಂದ್ರದ ಸ್ಟುಡಿಯೋದವನು ಅದರಿಂದ ತಲೆಯನ್ನಷ್ಟೇ ತೆಗೆದು, ಕಂಪ್ಯೂಟರಿನಲ್ಲಿದ್ದ ಕೋಟಿನ ಮೇಲೆ ಕೂರಿಸಿ, ಬಾಯನ್ನೂ ನೇರ ಮಾಡಿಕೊಟ್ಟ. "ಎಡೆ ಇಡೋ ಫೋಟೋ ಕಣಕ್ಕ, ನಗ್ತಾ ಇದ್ರೆ ಚೆನ್ನಾಗಿರಲ್ಲ" ಅಂದ. ಅವನಲ್ಲಿದ್ದದ್ದು ಒಂದೇ ಕೋಟು. ನಮ್ಮ ಬೀದಿಯ ಗಂಡಸರೆಲ್ಲ ಅದೇ ಕೋಟಿನಲ್ಲಿ ಸ್ವರ್ಗಕ್ಕೆ ಹೋದರು. ಮೋರಿ ನೀರಿನ ಜಗಳದಲ್ಲಿ ತಾತನ ಜೊತೆ ಮಾತು ಬಿಟ್ಟಿದ್ದ ಎದುರುಮನೆಯವರೂ ಹೋದರು.

ಆಗ ಮಹಡಿಯ ಮೇಲೆ ಒಬ್ಬ ಹುಡುಗಿ ಬಾಡಿಗೆಗಿದ್ದಳು. ಇಂಟರ್ನೆಟ್ಟಿನಲ್ಲಿ ಕಲೆ ಮಾಡುವವಳು. ಕಲೆ ಎಲ್ಲಿದೆ ಎಂದರೆ ಫೋನು ತೋರಿಸುತ್ತಿದ್ದಳು. ತಾತನ ಎಡೆಯ ದಿನ ಊಟಕ್ಕೆ ಕರೆದು ಕೋಟಿನ ಕಥೆ ಹೇಳಿದೆ. ವಡೆ ಅವಳ ಕೈಯಲ್ಲೇ ನಿಂತಿತು.

"ಅಜ್ಜಿ, ಇದು ಪಕ್ಕಾ ಪೋಸ್ಟ್‌ಮಾಡರ್ನ್! ಮೂಲಾನೇ ಇಲ್ದಿರೋ ನಕಲು!"

"ಮೂಲ ಐತೆ ಕಣಮ್ಮ" ಎಂದು ಸೀರೆ ಪೆಟ್ಟಿಗೆಯಿಂದ ಪಾಸಿನ ಆ ಚಿಕ್ಕ ಫೋಟೋ ತಂದು ತೋರಿಸಿದೆ. ಸ್ಕ್ಯಾನ್ ಮಾಡಿ ಕೊಡುತ್ತೇನೆಂದು ತೆಗೆದುಕೊಂಡು ಹೋದಳು. ಬೇಡ ಎನ್ನುವುದು ನನಗೆ ಯಾವತ್ತೂ ಬಾಯಿಗೆ ಬಂದ ಮಾತಲ್ಲ.

ಬೀದಿಯ ಕೋಟಿನ ಫೋಟೋಗಳನ್ನೆಲ್ಲ ಸೇರಿಸಿ ಒಂದು ವೆಬ್‌ಸೈಟು ಮಾಡಿದಳು. ಬೆರಳಿಟ್ಟರೆ ಕೋಟು ಅಲ್ಲೇ ಇರುತ್ತದೆ, ತಲೆ ಬದಲಾಗುತ್ತದೆ. ತಾತನ ತಲೆ ಹೋಗಿ ಎದುರುಮನೆಯವರ ತಲೆ ಬರುತ್ತದೆ. ಪಂಚಾಯ್ತಿಯವರಿಂದಲೂ ಆಗದ ರಾಜಿಯನ್ನು ಈ ಹುಡುಗಿ ಮಾಡಿಸಿದ್ದಳು.

ಅವಳು ಮೆಟ್ಟಿಲಿಳಿದಾಗಲೆಲ್ಲ ಫೋಟೋ ವಾಪಸು ಕೇಳುತ್ತಿದ್ದೆ.

"ಅಜ್ಜಿ, ಮೂಲ, ನಕಲು ಅನ್ನೋ ಭೇದಾನೇ ಈಗಿಲ್ಲ. ಯಾರ್ ಮಾಡಿದ್ದು ಅನ್ನೋದೂ ಮುಖ್ಯ ಅಲ್ಲ. ತಾತ ಎಲ್ಲಾ ಕಡೆ ಇದಾರೆ. ನಿಮ್ ಫೋನಿಗೂ ಕಳ್ಸಿದೀನಿ ನೋಡಿ."

ಯಾರು ಮಾಡಿದ್ದೆಂಬುದು ಮುಖ್ಯವಲ್ಲದ ಆ ವೆಬ್‌ಸೈಟಿನ ನೆತ್ತಿಯ ಮೇಲೆ ಅವಳ ಹೆಸರು ದಪ್ಪ ಅಕ್ಷರದಲ್ಲಿತ್ತು.

ಅವಳ ಈ ಕಲೆಯ ಪ್ರದರ್ಶನ ನಡೆದದ್ದು ವೈಟ್‌ಫೀಲ್ಡಿನಲ್ಲಿ, ಮುಚ್ಚಿಹೋದ ಕಾರ್ಖಾನೆಯ ಶೆಡ್ಡಿನಲ್ಲಿ. ನನ್ನನ್ನೂ ಕರೆದೊಯ್ದಳು. ಹೋಗುವ ಮೊದಲು ಫೋನಿನಲ್ಲಿದ್ದ ತಾತನನ್ನು ಜೆರಾಕ್ಸ್ ಅಂಗಡಿಯಲ್ಲಿ ಪಾಸಿನ ಫೋಟೋದಷ್ಟೇ ಅಳತೆಗೆ ಪ್ರಿಂಟ್ ಹಾಕಿಸಿ ಪರ್ಸಿನಲ್ಲಿಟ್ಟುಕೊಂಡಿದ್ದೆ. ಶೆಡ್ಡಿನ ನಡುವೆ ದೀಪ ಹಾಕಿದ ಗಾಜಿನ ಪೆಟ್ಟಿಗೆ, ಸುತ್ತ ಹಗ್ಗ, ಒಳಗೆ ನನ್ನ ಚಿಕ್ಕ ಫೋಟೋ. ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಕಾವಲಿನವನನ್ನು ಕೇಳಿದೆ.

"ಒರಿಜಿನಲ್ ಐತಿ, ಮುಟ್ಟಬ್ಯಾಡ್ರಿ ಅಂತ ಬರದಾರ್ರಿ ಅಮ್ಮಾರ."

ಹುಡುಗಿ ಪಕ್ಕದಲ್ಲೇ ನಿಂತು, ಮೂಲ ಎಂಬುದೇ ಇಲ್ಲ ಎಂದು ಜನಕ್ಕೆ ವಿವರಿಸುತ್ತಿದ್ದಳು. ಸೆರಗನ್ನು ಮುಖಕ್ಕೆ ಎಳೆದುಕೊಂಡು ಹೋಗಿ ಪ್ರಿಂಟು ಚಾಚಿದೆ.

"ಅಂಗಾದ್ರೆ ಇದನ್ನ ಇಟ್ಕೊಳಮ್ಮ, ಅದನ್ನ ಕೊಡು. ಎರಡೂ ಒಂದೇ ಅಂದ್ಯಲ್ಲ."

ಗುಂಪಿನಲ್ಲಿದ್ದ ಒಬ್ಬ ಗಡ್ಡದವನು ಚಪ್ಪಾಳೆ ಹೊಡೆದ. "ಸಕ್ಕತ್ ಪರ್ಫಾರ್ಮೆನ್ಸ್ ಗುರು!" ಎಲ್ಲರೂ ವಿಡಿಯೋ ತೆಗೆಯಲು ಫೋನು ಎತ್ತಿದರು.

ಹುಡುಗಿ ನನ್ನ ಕಿವಿಯ ಹತ್ತಿರ ಬಂದಳು. "ಅಜ್ಜಿ, ಪ್ಲೀಸ್, ಶೋ ಮುಗೀಲಿ. ಅದೊಂದೇ ಒರಿಜಿನಲ್ ಇರೋದು!"

"ನನಗೂ ಅದೊಂದೇ ಕಣಮ್ಮ."

ಚಪ್ಪಾಳೆ ಜೋರಾಯಿತು. ಅವಳು ನಗುಮುಖ ಮಾಡಿಕೊಂಡು ಗಾಜು ತೆಗೆಯಲೇಬೇಕಾಯಿತು.

ಈಗ ನಾನೂ ಆ ವೆಬ್‌ಸೈಟಿನಲ್ಲಿದ್ದೇನಂತೆ, ಬರೀ ಸೆರಗು ಕಾಣುತ್ತದಂತೆ. ಈ ಅಜ್ಜಿಯ ಪಾತ್ರ ಮಾಡಿದ ನಟಿ ಯಾರು ಎಂದು ಕೆಳಗೆ ಯಾರೋ ಕೇಳಿದ್ದಾರಂತೆ. ಗಾಜಿನ ಪೆಟ್ಟಿಗೆಯಲ್ಲಿ ಜೆರಾಕ್ಸ್ ಅಂಗಡಿಯ ಪ್ರಿಂಟು ಕೂತಿತು. ಕೆಳಗಿನ ಬರಹವನ್ನು ಬದಲಿಸಲಿಲ್ಲ, ಪ್ರದರ್ಶನ ಮುಗಿಯುವವರೆಗೂ ಆ ಪ್ರಿಂಟನ್ನು ಯಾರೂ ಮುಟ್ಟಲಿಲ್ಲ.

ಎಡೆಯನ್ನು ಕೋಟಿನ ತಾತನಿಗೇ ಇಡಿ, ಬೀದಿಯ ಪದ್ಧತಿ ಹಾಗೇ ಆಗಿಹೋಗಿದೆ. ನಿಮ್ಮ ತಾತ ನನ್ನ ಸೀರೆ ಪೆಟ್ಟಿಗೆಯಲ್ಲಿದ್ದಾರೆ. ನೋಡಬೇಕೆನಿಸಿದರೆ ಕೈ ತೊಳೆದುಕೊಂಡು ಬನ್ನಿ. ಮುಟ್ಟಬಹುದು.