ಹೊರಮಾವಿನ ಹೆಪ್ಪು

ಮರ್ಫಿ ಟೌನಿನ ಭಾಗ್ಯಲಕ್ಷ್ಮಿಗೆ ಮೇಯನೇಸ್ ಹೆಸರು ಕೇಳಿದರೇ ಮೈ ಉರಿಯುತ್ತಿತ್ತು. ಮಗಳು ಪೂಜಿತಾ ಕಮ್ಮನಹಳ್ಳಿಗೆ ಹೋಗಿ, ಮೊಮೊ ಜೊತೆ ಅದನ್ನು ಬಟ್ಟಲುಗಟ್ಟಲೆ ತಿಂದು ಬಂದು, ಹೊಟ್ಟೆನೋವು ಎಂದು ಮಲಗುತ್ತಿದ್ದಳು. ಬೈದು ಬೈದು ಸಾಕಾಗಿ ಭಾಗ್ಯಲಕ್ಷ್ಮಿ ತಾನೇ ಒಂದು ಸಾಸ್ ಮಾಡಿದಳು. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿ, ಹುರಿದ ಅಗಸೆ ಬೀಜದ ಪುಡಿ, ನುಣ್ಣಗೆ ಅರೆದ ಬಾಳೆದಿಂಡು, ಚೂರು ದೊಡ್ಡಪತ್ರೆ, ಬೆಳ್ಳುಳ್ಳಿ ಬೆರೆಸಿದಳು. ಪೂಜಿತಾ ಬಟ್ಟಲು ನೆಕ್ಕಿದಳು. ಇಂದಿರಾನಗರದ ಮನೆಗಳಿಂದ ಆರ್ಡರ್ ಬರತೊಡಗಿತು. ಬಾಟಲಿಯ ಮೇಲೆ ‘ಹೊಟ್ಟೆಗೆ ಹಿತವಾದ ಜೀವಂತ ಮೊಸರಿನ ಸಾಸ್’ ಎಂದು ಅಚ್ಚು ಹಾಕಿಸಿದ್ದೂ ಆಯಿತು.

ರುಚಿಯೆಲ್ಲ ಇದ್ದದ್ದು ಹೆಪ್ಪಿನಲ್ಲಿ. ಹೊರಮಾವು ಇನ್ನೂ ಹಳ್ಳಿಯಾಗಿದ್ದಾಗ ಅತ್ತೆ ಮುನಿವೆಂಕಟಮ್ಮ ಮದುವೆಯಾಗಿ ಬರುತ್ತ ಅಲ್ಲಿನ ತವರಿನಿಂದ ತಂದ ಹೆಪ್ಪು ಅದು. ಅವತ್ತಿನಿಂದ ಹಾಲಿನಿಂದ ಹಾಲಿಗೆ ದಾಟಿಸುತ್ತ ಜೋಪಾನ ಮಾಡಿದ್ದರು. ತವರುಮನೆ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು, ಅಣ್ಣತಮ್ಮಂದಿರೂ ಇಲ್ಲ. ತವರು ಅಂತ ಅವರಿಗೆ ಉಳಿದಿದ್ದು ಆ ಮೊಸರೊಂದೇ. ಹಾಗಂತ ಬಚ್ಚಿಟ್ಟವರಲ್ಲ. ದೀಪ ಹಚ್ಚುವುದರೊಳಗೆ ಯಾರು ಬಟ್ಟಲು ಹಿಡಿದು ಬಂದರೂ ಒಂದು ಚಮಚ ಹಾಕಿ ಕಳಿಸುತ್ತಿದ್ದರು.

ವ್ಯಾಪಾರ ಕುದುರಿದ ಮೇಲೆ, ಇದೇ ಹೆಪ್ಪಿನಿಂದ ಬೇರೆಯವರೂ ಸಾಸ್ ಮಾಡಿ ಮಾರಿಯಾರು ಎಂದು ಸೊಸೆಗೆ ಅನುಮಾನ ಶುರುವಾಯಿತು. ಒಂದು ಬೆಳಿಗ್ಗೆ ಪಕ್ಕದ ಮನೆಯ ಸಾಲೇಹಾ ಎಂದಿನಂತೆ ಬಂದಳು.

“ಭಾಗ್ಯಕ್ಕಾ, ಸ್ವಲ್ಪ ಹೆಪ್ಪು ಕೊಡ್ತೀರಾ? ನಮ್ದು ಕೆಟ್ಟೋಯ್ತು.”

“ಇಲ್ಲ ಸಾಲೇಹಾ. ಇದು ಈಗ ಬಿಸ್ನೆಸ್ಸಿಂದು. ಯಾರಿಗೂ ಕೊಡ್ತಿಲ್ಲ.”

ಸಾಲೇಹಾ ಬಟ್ಟಲನ್ನು ದುಪಟ್ಟಾದೊಳಗೆ ಮುಚ್ಚಿಕೊಂಡು ಹೋದಳು. ಆಮೇಲೆ ಬಂದ ಇತರರಿಗೂ ಅದೇ ಉತ್ತರ. ಇಡೀ ಬೀದಿಯಲ್ಲಿ ಮೊಸರಿಗೆ ಕಾವಲು ಕೂತವಳು ಇವಳೊಬ್ಬಳೇ!

ಅಷ್ಟಕ್ಕೇ ಸುಮ್ಮನಿದ್ದರೂ ಆಗುತ್ತಿತ್ತು. ಸೊಪ್ಪಿನ ಸತ್ವ ಮೊದಲೇ ಇಳಿಯಲಿ ಎಂದು ದೊಡ್ಡಪತ್ರೆ, ಬೆಳ್ಳುಳ್ಳಿಯ ರಸವನ್ನು ಹೆಪ್ಪಿಡುವ ಹಾಲಿಗೇ ಸುರಿಯತೊಡಗಿದಳು. ಮರುದಿನದ ಹೆಪ್ಪನ್ನೂ ಅದೇ ಪಾತ್ರೆಯಿಂದ ತೆಗೆದಳು. ಮೊಸರು ದಿನೇದಿನೇ ತೆಳ್ಳಗಾಯಿತು. ಸತ್ವ ಸಾಲದೆಂದು ಇನ್ನಷ್ಟು ರಸ ಹಾಕಿದಳು. ಕೊನೆಗೊಂದು ದಿನ ಹಾಲು ಹೆಪ್ಪಾಗಲೇ ಇಲ್ಲ, ನಾರಿತು.

ಆಹಾರ ಪರೀಕ್ಷಿಸುವ ಲ್ಯಾಬಿನಲ್ಲಿದ್ದ ಪರಿಚಯದ ಹುಡುಗಿ ರಮ್ಯ ಎಲ್ಲವನ್ನೂ ಕೇಳಿಸಿಕೊಂಡು ತಲೆ ಆಡಿಸಿದಳು.

“ದೊಡ್ಡಪತ್ರೆ, ಬೆಳ್ಳುಳ್ಳಿ ಎರಡೂ ಬ್ಯಾಕ್ಟೀರಿಯಾನ ಸಾಯಿಸ್ತವೆ ಆಂಟಿ. ಅಷ್ಟೊಂದು ಹಾಕಿದ್ರೆ ಒಳ್ಳೇದು ಕೆಟ್ಟದ್ದು ಅಂತ ನೋಡಲ್ಲ. ಮೊಸರಾದ್ಮೇಲೆ ಚೂರೇ ಬೆರೆಸ್ಬೇಕಿತ್ತು. ಹಳೇ ಹೆಪ್ಪು ಎಲ್ಲಾದ್ರೂ ಉಳಿದಿದ್ಯಾ?”

ಭಾಗ್ಯಲಕ್ಷ್ಮಿ ಬೀದಿಯ ಮನೆಮನೆಗೂ ಹೋದಳು. ಎಲ್ಲೂ ಇರಲಿಲ್ಲ. ಕೊನೆಗೆ ಹೋಗಲು ಮುಖವಿಲ್ಲದ ಮನೆಗೂ ಹೋದಳು.

“ನೀವು ಇಲ್ಲ ಅಂದ್ಮೇಲೆ ನಮ್ಮನೇಲಿ ಪ್ಯಾಕೆಟ್ ಮೊಸರೇ ಅಕ್ಕಾ,” ಎಂದಳು ಸಾಲೇಹಾ. “ಅದ್ರಿಂದಾನೇ ಹೆಪ್ಪಾಕ್ತೀನಿ. ಬೇಕಾದ್ರೆ ತಗೊಂಡ್ಹೋಗಿ.”

ಭೂಮಿ ಬಾಯಿಬಿಡಬಾರದೇ ಎನಿಸಿತು ಭಾಗ್ಯಲಕ್ಷ್ಮಿಗೆ. ಆದರೂ ಇಸಿದುಕೊಂಡು ಬಂದಳು. ಅತ್ತೆಗೆ ಮೊಸರಿಲ್ಲದೆ ಊಟ ಇಳಿಯುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಮುನಿವೆಂಕಟಮ್ಮ ಮೊಸರನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟು ತಡೆದರು.

“ಇದ್ಯಾರ ಮನೆ ಮೊಸರು, ಭಾಗ್ಯಾ?”

“ನಮ್ದೇ ಅತ್ತೆ.”

ಮುದುಕಿ ಇನ್ನೊಂದು ತುತ್ತು ತಿಂದು ನೋಡಿದರು.

“ಹಂಗಾದ್ರೆ ನನ್ ನಾಲ್ಗೇನೇ ಕೆಟ್ಟೋಗೈತೆ ಬಿಡು. ವಯಸ್ಸಾಯ್ತಲ್ಲ,” ಎಂದು ಸಮಾಧಾನ ಹೇಳಿಕೊಂಡು, ಉಳಿದ ಅನ್ನವನ್ನು ಉಂಡು ಮುಗಿಸಿದರು.