ಕಳಿಸದೆ ಉಳಿದ ಪತ್ರ

ನನ್ನ ಗಂಡ ಶಿಲ್ಪಿ. ಬೈಕುಲ್ಲಾದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ನಲವತ್ತು ವರ್ಷ ಗಣ್ಯರ ಪ್ರತಿಮೆ ಮಾಡಿದರು. ಬೋಳುತಲೆಯವರಿಗೆ ಕೂದಲು ಬರಿಸಿದರು, ಗಿಡ್ಡಗಿದ್ದವರನ್ನು ಎತ್ತರ ಮಾಡಿದರು. ಈಗ ಮೊಣಕಾಲು ನೋವು. ಮುಲುಂಡಿನ ಮನೆಯಲ್ಲೇ ಇರುತ್ತಾರೆ.

ಹೋದ ವರ್ಷ ಒಂದು ಕಲಾಸಂಸ್ಥೆಯ ಹುಡುಗಿ ಪ್ರದರ್ಶನಕ್ಕೆಂದು ಇವರ ಖಾಸಗಿ ಕಾಗದಪತ್ರ ಕೇಳಿಕೊಂಡು ಬಂದಳು. ಇದ್ದದ್ದು ಒಂದು ಹಳೇ ಸೂಟ್‌ಕೇಸ್. ಮದುವೆ ಆಮಂತ್ರಣಗಳ ನಡುವೆ ಕನ್ನಡ ಸಂಘವೊಂದರ ಸಂಸ್ಥಾಪಕರ ಸ್ಮಾರಕ ಸಮಿತಿಗೆ ಬರೆದ ಪತ್ರ ಅವಳಿಗೆ ಸಿಕ್ಕಿತು. ತಡವರಿಸುತ್ತ ಓದಿದಳು: "'ನಾನು ಕಂಡ ಮನುಷ್ಯನನ್ನು ಮಾಡಿದ್ದೇನೆ. ಈ ಹೊಟ್ಟೆಯನ್ನು ಇಳಿಸುವುದಿಲ್ಲ.' ಅಂಕಲ್, ಕಿತನಾ ಧೈರ್ಯ. ನೀವೇ ಬರ್ದಿದ್ದಾ?"

"ಹೌದವ್ವಾ. ಆವಾಗ ನಾ ಭಾಳ ಸಿಟ್ಟಿನ ಮನಷ್ಯಾ ಇದ್ದೆ," ಅಂದರು ಇವರು.

ಬರೆದವಳು ನಾನು. ಕನ್ನಡ ಶಾಲೆಯಲ್ಲಿ ಟೀಚರಾಗಿದ್ದೆ; ಇವರ ಪತ್ರಗಳೆಲ್ಲ ನನ್ನವೇ. ಸಂಸ್ಥಾಪಕರ ಹೊಟ್ಟೆ ಕರಗಿಸಿ ಎಂದು ಸಮಿತಿ ಹೇಳಿದಾಗ ಸಿಟ್ಟು ಬಂದದ್ದೂ ನನಗೇ. ಇವರು ಎಂದಿನಂತೆ ಓದದೆ ಸಹಿ ಹಾಕಿ ಹೋದರು. ಅಂಚೆಗೆ ಹಾಕುವ ಮೊದಲು ನಾನು ವರ್ಕ್‌ಶಾಪಿಗೆ ಹೋಗಿ ನೋಡಿದರೆ, ಇವರು ಕೆರೆದು ತೆಗೆದ ಮಣ್ಣಿನ ಮಾದರಿಯ ಹೊಟ್ಟೆ ಆಗಲೇ ಬಕೆಟ್ಟಿನಲ್ಲಿತ್ತು. ಯಾರೂ ಕೇಳದಿದ್ದರೂ ಭುಜ ಅಗಲವಾಗಿತ್ತು. ಪತ್ರ ಹೋಗಲಿಲ್ಲ, ಅದಕ್ಕೇ ಮನೆಯಲ್ಲಿ ಉಳಿಯಿತು.

ಹುಡುಗಿಯ ಮುಂದೆ ಇವರ ಮರ್ಯಾದೆ ಯಾಕೆ ತೆಗೆಯಲಿ ಎಂದು ನಾನು ಚಹಾ ಮಾಡಲು ಎದ್ದೆ.

ಪ್ರದರ್ಶನದಲ್ಲಿ ಪತ್ರ ಗಾಜಿನ ಪೆಟ್ಟಿಗೆಯೊಳಗಿತ್ತು. ಕೆಳಗೆ 'ಕಲಾವಿದರ ಕೈಬರಹ' ಎಂಬ ಚೀಟಿ. ಪಕ್ಕದ ಗೋಡೆಯಲ್ಲಿ ಅದೇ ಪ್ರತಿಮೆಯ ಫೋಟೊ. ಸಂಸ್ಥಾಪಕರು ಕುಸ್ತಿಪಟುವಿನಂತೆ ನಿಂತಿದ್ದರು. ಯಾರಿಗೂ ಏನೂ ಅನುಮಾನ ಬರಲಿಲ್ಲ. ಪತ್ರವನ್ನು ಸಭೆಗೆ ಓದಿ ಹೇಳಿ ಎಂದು ಕಲಾಸಂಸ್ಥೆಯ ಅಧ್ಯಕ್ಷರು ಇವರನ್ನೇ ಕೇಳಿದರು. ಇವರು ಓದುತ್ತ ಹೊಟ್ಟೆಯ ಸಾಲಿಗೆ ಬಂದು ನಿಂತುಬಿಟ್ಟರು.

"ಕನ್ನಡಕ ಮಂಜಾಗೇತ್ರಿ. ನಮ್ಮನಿಯಾಕಿ ಓದ್ತಾಳ."

ಉಳಿದದ್ದನ್ನು ನಾನು ಪತ್ರ ನೋಡದೆಯೇ ಹೇಳಿ ಮುಗಿಸಿದೆ. ಚಪ್ಪಾಳೆ ಇವರಿಗೆ ಬಿತ್ತು. ಕೈ ಮುಗಿದರು, ಆದರೆ ನನ್ನ ಕಡೆ ನೋಡಲಿಲ್ಲ.

ವಾಪಸು ಬರುವಾಗ ಲೋಕಲ್ ರೈಲು ಘಾಟ್ಕೋಪರ್ ದಾಟಿದ ಮೇಲೆ, "ಅವತ್ತ ಅದನ್ನ ಕಳಸಬೇಕಿತ್ತು," ಅಂದರು.

"ಕಳಿಸಿದ್ರೆ ಕೆಲಸ ಹೋಗ್ತಿತ್ತು ಕಣ್ರೀ."

"ಹೋದ್ರ ಹೋಗ್ತಿತ್ತು."

ಮರುದಿನ ಬೆಳಿಗ್ಗೆ ಇವರೇ ಹುಡುಗಿಗೆ ಫೋನ್ ಮಾಡಿದರು. ಬರೆದದ್ದು ತಾನಲ್ಲ, ಹೆಂಡತಿ ಎಂದು ಹೇಳುವುದು ಅಡುಗೆಮನೆಗೆ ಕೇಳಿಸಿತು. ನಾನು ಗ್ಯಾಸ್ ಸಣ್ಣ ಮಾಡಿ ನಿಂತೆ.

ಸ್ಪೀಕರಿನಲ್ಲಿ ಅವಳ ದನಿ ಬಂತು: "ಅಂಕಲ್, ಕ್ಯಾಟಲಾಗ್ ತೋ ಛಪ್ ಗಯಾ, ಪ್ರಿಂಟಾಗಿಬಿಟ್ಟಿದೆ. ಇರ್ಲಿ ಬಿಡಿ. ಆಂಟಿಗೆ ಥ್ಯಾಂಕ್ಸ್ ಹೇಳಿ."

ಇವರು ಬಾಗಿಲಿಗೆ ಬಂದು, "ನಿನಗ ಥ್ಯಾಂಕ್ಸ್ ಹೇಳ್ಯಾಳ," ಅಂದರು.