ಆಂಟಿಯ ತಟ್ಟೆ, ಶೆಡ್ಡಿನ ಬಾಗಿಲು

ನೈಟಿಯ ಮೇಲೆ ಗಂಡನ ಹಳೆಯ ಜಾಕೆಟ್, ಕಾಲಿಗೆ ಗಂಬೂಟು, ಕಿವಿ ಮುಚ್ಚುವಂತೆ ಸುತ್ತಿದ ಮಫ್ಲರ್. ಈ ವೇಷದಲ್ಲಿ ಪಕ್ಕದ ಮನೆಯ ಆಂಟಿ ಬೆಳಿಗ್ಗೆ ಹಿತ್ತಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಹುಲ್ಲಿನ ಮೇಲಿಟ್ಟ ಸ್ಟೀಲ್ ತಟ್ಟೆಯನ್ನು ತೋರುಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಹಿಂದಿನ ಸಂಜೆ ಅದರಲ್ಲಿ ಅರ್ಧ ಲೋಟ ನೀರು ಹಾಕಿಟ್ಟಿರುತ್ತಿದ್ದರು. ನೀರು ನೀರಾಗಿಯೇ ಇದ್ದರೆ ಚೆಲ್ಲಿ ಒಳಗೆ ಹೋಗುವರು. ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿದ್ದರೆ ಬೇಲಿಯಾಚೆಯಿಂದ ನನಗೆ ಕೂಗು: "ಮಾರಾಯ್ತಿ, ಇವತ್ತು ಬಿದ್ದಿದೆ! ಎಂತದೂ ನೆಡ್ಬೇಡ!"

ಬಿದ್ದದ್ದು ಫ್ರಾಸ್ಟ್, ಎಳೆಗಿಡವನ್ನು ಒಂದೇ ರಾತ್ರಿಯಲ್ಲಿ ಸುಟ್ಟುಬಿಡುವ ಚಳಿ. ಅಡಿಲೇಡಿನ ಬ್ಲೇರ್ ಅಥಾಲ್‌ನಲ್ಲಿ ಅದು ಹೆಚ್ಚು ಬೀಳುವುದಿಲ್ಲ, ಆದರೆ ನಮ್ಮಿಬ್ಬರ ಹಿತ್ತಲು ತಗ್ಗು, ಚಳಿಯೆಲ್ಲ ಅಲ್ಲೇ ಇಳಿದು ನಿಲ್ಲುತ್ತದೆ. ನಾನು ಮೈಸೂರಿನವಳು, ಸಾಫ್ಟ್‌ವೇರಿನವಳು, ಎಲ್ಲದಕ್ಕೂ ಫೋನ್ ನೋಡುವವಳು. "ಆಂಟಿ, ಇದ್ರಲ್ಲಿ ಮೂರು ಡಿಗ್ರಿ ಅಂತ ಇದೆ, ಐಸ್ ಹೇಗಾಗತ್ತೆ?" ಎಂದು ವಾದಿಸಿದ್ದೆ.

"ಅದು ಏರ್‌ಪೋರ್ಟಿನ ಚಳಿ. ನನ್ನ ಬೆಂಡೆಗೆ ಏರ್‌ಪೋರ್ಟಲ್ಲಿ ಎಂತ ಕೆಲಸ? ಗಿಡ ಇರುವುದು ನೆಲದಲ್ಲಿ, ತಟ್ಟೆಯೂ ನೆಲದಲ್ಲಿ," ಎಂದಿದ್ದರು. ಆಮೇಲೆ ಓದಿದೆ, ಹವಾಮಾನದವರ ಥರ್ಮಾಮೀಟರ್ ನೆಲದಿಂದ ಎದೆಯೆತ್ತರದಲ್ಲಿರುತ್ತದಂತೆ. ಆಂಟಿ ಓದದೆಯೇ ಸರಿಯಾಗಿದ್ದರು.

ಮಂಗಳೂರಿನ ಕಡಲ ದಂಡೆಯಲ್ಲಿ ಹುಟ್ಟಿ, ಇಪ್ಪತ್ತು ವರ್ಷ ಗಲ್ಫಿನಲ್ಲಿ ನರ್ಸ್ ಆಗಿ ದುಡಿದು ಬಂದವರಿಗೆ ಇದೆಲ್ಲ ಹುಟ್ಟಿನಿಂದ ಬಂದ ವಿದ್ಯೆಯಲ್ಲ. ಮೊದಲ ವರ್ಷ ಎಲೆಗಳ ಮೇಲೆ ಬೆಳ್ಳಗೆ ಕಂಡದ್ದನ್ನು ಕಡಲ ಗಾಳಿಯ ಉಪ್ಪೆಂದುಕೊಂಡು, ಊರಿನಲ್ಲಿ ಮಾಡುತ್ತಿದ್ದಂತೆ ನೀರು ಹೊಯ್ದು ತೊಳೆದರಂತೆ. ಗಿಡಕ್ಕೆ ಚಳಿಯಾದೀತೆಂದು ಬಿಸಿನೀರು ಬೇರೆ! "ಮತ್ತೆ ನಾಲಗೆಗೆ ಹಚ್ಚಿ ನೋಡಿದೆ, ಉಪ್ಪೇ ಇಲ್ಲ. ಅಷ್ಟರಲ್ಲಿ ಗಿಡ ಸಾರಿಗೆ ಹಾಕಿದ ಸೊಪ್ಪಿನ ಹಾಗೆ," ಎಂದು ಹೇಳಿ ಹೊಟ್ಟೆ ಹಿಡಿದು ನಗುವರು.

ಅಂದಿನಿಂದ ಲೆಕ್ಕ ಶುರು. ತೋಟದ ಶೆಡ್ಡಿನ ಬಾಗಿಲ ಒಳಮೈಯಲ್ಲಿ ವರ್ಷಕ್ಕೊಂದು ಸಾಲು. ಕೊನೆಯ ಫ್ರಾಸ್ಟ್ ಯಾವುದೆಂದು ಬಿದ್ದ ದಿನ ಯಾರಿಗೂ ಗೊತ್ತಾಗುವುದಿಲ್ಲವಲ್ಲ. ಹಾಗಾಗಿ ಬಿದ್ದ ದಿನದ ತಾರೀಕನ್ನು ಪೆನ್ಸಿಲಿನಲ್ಲಿ ಬರೆಯುವುದು, ಮತ್ತೆ ಬಿದ್ದರೆ ಹೆಬ್ಬೆರಳಿನಿಂದ ಉಜ್ಜಿ ಹೊಸದನ್ನು ಬರೆಯುವುದು. ನವೆಂಬರ್ ಎರಡಕ್ಕೆ, ಇಗರ್ಜಿಯವರು ಸಮಾಧಿಗಳಿಗೆ ಹೋಗುವ ಸತ್ತವರ ಹಬ್ಬದ ದಿನ, ಸ್ಮಶಾನದಿಂದ ಬಂದು, ಅದರ ಮೇಲೆ ಪೆನ್ನು ಎಳೆದು, ಪಕ್ಕದಲ್ಲಿ ಒಂದು ಮಾತು ಸೇರಿಸುವರು. ಮೊದಲ ಸಾಲಿನ ಪಕ್ಕದಲ್ಲಿರುವ ಮಾತು: ಉಪ್ಪು ಅಲ್ಲ.

ಕಳೆದ ಆಗಸ್ಟಿನಲ್ಲಿ ಆಂಟಿ ಆಸ್ಪತ್ರೆ ಸೇರಿದರು. ಮನೆಗೆ ಮರಳುವುದಿಲ್ಲವೆಂದು ಅವರಿಗೇ ಮೊದಲು ಗೊತ್ತಾಯಿತು. ಮುಲಾಮಿನ ಖಾಲಿ ಡಬ್ಬಿಯೊಂದನ್ನು ನನ್ನ ಕೈಗಿಟ್ಟರು. ಒಳಗೆ ಹನ್ನೆರಡು ಮಂಗಳೂರು ಸೌತೆಯ ಬೀಜ. ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿದ್ದ ಅವರ ತಂಗಿ ಎಂದೋ ಕೊಟ್ಟ ತಳಿ. ತಂಗಿ ಈಗ ಫ್ಲಾಟಿನಲ್ಲಿದ್ದಾರೆ, ಅಲ್ಲಿ ತೋಟವಿಲ್ಲ. ಉಳಿದಿದ್ದು ಇಷ್ಟೇ.

ಇಲ್ಲಿ ಚಳಿಗಾಲ ಜೂನಿನಿಂದ ಆಗಸ್ಟಿನವರೆಗೆ; ಸೆಪ್ಟೆಂಬರ್ ನಡುವಿಗೆ ಬಿಸಿಲು ಏರಿತು. ಈಗ ಸಂಜೆ ನಾನೇ ಇಡುತ್ತಿದ್ದ ತಟ್ಟೆಯಲ್ಲಿ ವಾರಗಟ್ಟಲೆ ಬರೀ ನೀರು. ನನಗೆ ತಡೆಯಲಾಗಲಿಲ್ಲ. ಅವರು ಹೋಗುವ ಮೊದಲು ಒಂದು ಹೂವನ್ನಾದರೂ ತೋರಿಸಬೇಕಿತ್ತು. "ಆಂಟಿ, ಈ ವಾರ ಹಾಕ್ಬಿಡ್ತೀನಿ," ಎಂದೆ.

"ಬಾಗಿಲಲ್ಲಿ ಎಲ್ಲಕ್ಕಿಂತ ತಡದ ತಾರೀಕು ಯಾವುದುಂಟು ನೋಡು. ಅದು ದಾಟಲಿ."

"ಅಷ್ಟರಲ್ಲಿ..."

"ಅಷ್ಟರಲ್ಲಿ ನಾನು ಇರುವುದಿಲ್ಲ, ಗೊತ್ತುಂಟು. ನನಗೆ ತೋರಿಸ್ಲಿಕ್ಕೆ ಅಂತ ಗಿಡ ಕೊಲ್ಬೇಡ."

ಕಾದೆ, ಸಿಟ್ಟಿನಿಂದಲೇ ಕಾದೆ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ತಟ್ಟೆ ತಟ್ಟಿದರೆ ಟಣ್ ಎಂದಿತು. ಫೋನು ಮೂರು ಡಿಗ್ರಿ ಎನ್ನುತ್ತಿತ್ತು. ಪೆನ್ಸಿಲಿನಲ್ಲಿ ಬರೆದು, ಫೋಟೋ ತೆಗೆದುಕೊಂಡು ಆಸ್ಪತ್ರೆಗೆ ಓಡಿದೆ. ಆಂಟಿ ನೋಡಿದರು. ದಿಂಬಿನಿಂದ ತಲೆಯೆತ್ತಿ ನರ್ಸನ್ನು ಕರೆದು, ಫೋಟೋ ತೋರಿಸಿ, "ಮೈ ಪ್ಲೇಟ್," ಎಂದರು. ಪದಕ ಗೆದ್ದವರ ಮುಖ.

ನಾಲ್ಕು ದಿನಕ್ಕೆ ಹೋದರು.

ಬಾಗಿಲಿನ ಆ ತಡದ ತಾರೀಕು, ಅಕ್ಟೋಬರಿನದು, ದಾಟಿದ ಮರುದಿನ ಬೀಜ ಹಾಕಿದೆ. ಸತ್ತವರ ಹಬ್ಬದಂದು ಅಂಕಲ್ ಜೊತೆ ಸ್ಮಶಾನಕ್ಕೆ ಹೋಗಿ ಬಂದು, ಅವರು ಹಿಡಿದ ಬಾಗಿಲ ಮೇಲೆ, ನನ್ನ ಪೆನ್ಸಿಲ್ ಗುರುತಿನ ಮೇಲೆ ಪೆನ್ನು ಎಳೆದೆ. ಅಂಕಲ್ ಕೇಳಿದರು, "ಪಕ್ಕದಲ್ಲಿ ಎಂತ ಬರೀತಿ?"

ಹಿತ್ತಲ ಕಡೆ ತಿರುಗಿ ಇನ್ನೊಮ್ಮೆ ಎಣಿಸಿ ಬರೆದೆ: ಹನ್ನೆರಡಕ್ಕೆ ಹನ್ನೊಂದು ಗಿಡ ಉಂಟು.